ಉಂಗುರಬೆರಳಿನ ಗಂಟು

ಫೆಬ್ರವರಿ 4

ದ್ವೀಪದಲ್ಲಿ ಕೂತು ಗಾಳಿ ಅಳೆಯುತ್ತಿರುವ ಮಗಳಿಗೆ,

ನಿನ್ನ ಲಾಂಚು ಹೊರಟ ಮೇಲೆ ಬರೆಯುತ್ತಿರುವ ಮೊದಲ ಪತ್ರ. ಊಟ, ನಿದ್ದೆ, ಮಂಡಿನೋವು ಎಲ್ಲ ಮಾಮೂಲು, ಅದನ್ನೆಲ್ಲ ಬರೆದು ಹಾಳೆ ದಂಡ ಮಾಡುವುದಿಲ್ಲ. ಹೋಗುವ ಮುಂಚೆ ನನ್ನ ಅಂಗಡಿಯ ಕಟಿಂಗ್ ಟೇಬಲ್ಲಿನ ಪಕ್ಕ ಒಂದು ಗಾಜಿನ ತೊಟ್ಟಿ ಇಟ್ಟು ಹೋದೆಯಲ್ಲ, ನನಗೆ ಅದರ ವಿವರ ಬೇಕು.

ತೊಟ್ಟಿಯಲ್ಲಿ ಸಣ್ಣ ಜಲ್ಲಿ ಇದೆ, ಸೊಟ್ಟ ಬೇರಿನ ತುಂಡೊಂದಿದೆ, ಕಲ್ಲಿಗೆ ದಾರದಲ್ಲಿ ಕಟ್ಟಿದ ಗಿಡಗಳಿವೆ, ನೀರಿದೆ, ದೀಪವಿದೆ. ಮೀನಿಲ್ಲ. ಪ್ಯಾಂಟು ಗಿಡ್ಡ ಮಾಡಿಸಲು ಬಂದವರೆಲ್ಲ ಗಾಜಿಗೆ ಮೂಗು ತಾಗಿಸಿ ‘ಮೀನೆಲ್ಲಿ ಟೈಲರಮ್ಮ?’ ಎಂದು ಕೇಳುತ್ತಾರೆ. ‘ನೀರು ಇನ್ನೂ ಹದ ಆಗ್ಬೇಕು’ ಎಂದು ನೀನು ಹೇಳಿಕೊಟ್ಟ ಪಾಠ ಒಪ್ಪಿಸುತ್ತೇನೆ. ಎದುರಿನ ಬೀಗದ ಅಂಗಡಿಯವನು ದಿನಾ ನಗುತ್ತಾನೆ. ನೀರು ಹದವಾಗುವುದು ಎಂದರೇನು, ಅದೇನು ಹಿಟ್ಟೇ? ಹದವಾಗುವುದು ಹಾಗಿರಲಿ, ಆ ಬೇರಿನ ತುಂಡು ಬಣ್ಣ ಬಿಟ್ಟು ನೀರೆಲ್ಲ ಟೀ ಬಣ್ಣಕ್ಕೆ ತಿರುಗಿದೆ. ಬಣ್ಣ ಬಿಡುವ ಬಟ್ಟೆಯನ್ನು ನಾನು ಅಂಗಡಿಗೆ ವಾಪಸ್ ಎಸೆದು ಬರುವವಳು. ಇದನ್ನು ಮಾತ್ರ ಸಹಿಸಿಕೊಂಡು ಕೂತಿದ್ದೇನೆ.

ಅದಿರಲಿ. ಭಾನುವಾರ ಅಕ್ವೇರಿಯಂ ಅಂಗಡಿಯ ಹುಡುಗ ಬಂದ. ತೆಳ್ಳಗೆ, ಉದ್ದಕ್ಕೆ, ಭುಜದಿಂದ ಜಾರುವ ರೆಡಿಮೇಡ್ ಅಂಗಿ. ‘ವಾರಕ್ಕೊಂದ್ಸಲ ನೀರು ನೋಡ್ಕೊಂಡು ಹೋಗು ಅಂತ ಅಕ್ಕ ಹೇಳಿದಾರೆ, ದೊಡ್ಡಮ್ಮ’ ಎಂದ.

ದೊಡ್ಡಮ್ಮನಂತೆ. ಈ ಬೀದಿಯಲ್ಲಿ ನನ್ನನ್ನು ಟೈಲರಮ್ಮ ಅನ್ನುವವರಿದ್ದಾರೆ, ಆಂಟಿ ಅನ್ನುವವರಿದ್ದಾರೆ, ಕೆಲಸ ಬೇಗ ಆಗಬೇಕಾದವರು ಮೇಡಂ ಅನ್ನುತ್ತಾರೆ. ಇವನು ಯಾರು ನನ್ನನ್ನು ದೊಡ್ಡಮ್ಮ ಅನ್ನಲು? ‘ನಾನ್ ದೊಡ್ಡಮ್ಮ ಆದ್ರೆ ಚಿಕ್ಕಮ್ಮ ಯಾರಪ್ಪ?’ ಎಂದೆ. ತಮಾಷೆಗೆ ಅಂದದ್ದು. ಹುಡುಗನ ಮುಖ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಯಿತು. ‘ತಪ್ಪಾಯ್ತು ಮೇಡಂ’ ಅಂದವನು ಆಮೇಲೆ ತಲೆ ಎತ್ತಲಿಲ್ಲ.

ಈಗ ಹೇಳು. ನೀನೇ ಅಲ್ಲವೇ ನನಗೆ ಹೇಳಿದ್ದು, ಇವು ನಿಧಾನವಾಗಿ ಬೆಳೆಯುವ ಗಿಡಗಳು, ಕತ್ತರಿಸಬೇಕಾಗಿಲ್ಲ, ಗೊಬ್ಬರ ಬೇಡ, ನೀನು ಏನೂ ಮಾಡಬೇಕಾಗಿಲ್ಲ ಎಂದು? ಏನೂ ಮಾಡಬೇಕಾಗಿಲ್ಲದ್ದನ್ನು ಮಾಡಲು ವಾರಕ್ಕೊಮ್ಮೆ ಒಬ್ಬ ಯಾಕೆ ಬರಬೇಕು? ಫೋನಿನಲ್ಲಾದರೆ ನೀನು ಸಿಗ್ನಲ್ ಇಲ್ಲ ಎಂದು ನುಣುಚಿಕೊಳ್ಳುತ್ತೀಯ. ಬರೆದು ಕಳಿಸು.

ಕಣ್ಣು ಇನ್ನೂ ಮಂಜಾಗಿರದ
ನಿನ್ನ ಅಮ್ಮ


ಫೆಬ್ರವರಿ 23

ಅನುಮಾನದ ಅಂಗಡಿ ಇಟ್ಟುಕೊಂಡಿರುವ ಅಮ್ಮನಿಗೆ,

ಸಿಗ್ನಲ್ ನಿಜವಾಗಿಯೂ ಇಲ್ಲ. ಗುಡ್ಡದ ಮೇಲಿನ ಕಂಬದ ಹತ್ತಿರ ನಿಂತರೆ ಒಂದು ಗೆರೆ ಬರುತ್ತದೆ, ಅಲ್ಲಿ ಗಾಳಿ ಎಷ್ಟೆಂದರೆ ನಾನು ಹೇಳುವುದು ನನಗೇ ಕೇಳುವುದಿಲ್ಲ. ಈ ಹವಾಮಾನ ಕೇಂದ್ರದಲ್ಲಿ ಇರುವವರು ಮೂವರು: ನಾನು, ರೇಡಿಯೋದವರು, ಅಡುಗೆಯವರು. ಲಾಂಚು ಬಂದರೆ ಪತ್ರ, ಸಮುದ್ರ ಕೆರಳಿದರೆ ಅದೂ ಇಲ್ಲ. ನನಗೆ ಸಿಕ್ಕಾಪಟ್ಟೆ ನೆಗಡಿಯಾಗಿ ಮೂಗು ಕೆಂಪಗೆ ಊದಿಕೊಂಡಿದೆ, ಅಷ್ಟು ಬಿಟ್ಟರೆ ಚೆನ್ನಾಗಿದ್ದೇನೆ.

ನಿನ್ನ ತೊಟ್ಟಿಯ ವಿಷಯ. ದಪ್ಪ ಎಲೆಯದು ಅನೂಬಿಯಸ್. ಉದ್ದ ಎಲೆಯದು ಜಾವಾ ಫರ್ನ್. ಬೇರಿನ ತುಂಡಿನ ಮೇಲಿರುವುದು ಪಾಚಿ. ಮೂರಕ್ಕೂ ಜಾಸ್ತಿ ಬೆಳಕು ಬೇಡ, ಆತುರವೂ ಇಲ್ಲ. ಒಂದು ಹೊಸ ಎಲೆ ಬಿಡಲು ವಾರಗಟ್ಟಲೆ ತೆಗೆದುಕೊಳ್ಳುತ್ತವೆ. ಬೇಗ ಬೆಳೆಯುವ ಗಿಡಗಳೂ ಸಿಗುತ್ತವೆ, ಆದರೆ ಅವನ್ನು ದಿನಾ ಕತ್ತರಿಸುತ್ತಿರಬೇಕು, ಬಿಟ್ಟರೆ ತೊಟ್ಟಿ ಪೊದೆಯಾಗುತ್ತದೆ. ನಿನಗೆ ಯಾಕೆ ಆ ಗೋಳು ಎಂದು ನಿಧಾನದವನ್ನೇ ಆರಿಸಿದೆ. ನೀರಿನ ಬಣ್ಣಕ್ಕೆ ಹೆದರಬೇಡ, ಅದು ಮರದ್ದು, ತಾನಾಗಿ ತಿಳಿಯಾಗುತ್ತದೆ.

ಒಂದೇ ಒಂದು ಎಚ್ಚರಿಕೆ. ದಪ್ಪೆಲೆ ಗಿಡವನ್ನು ಯಾವ ಕಾರಣಕ್ಕೂ ಜಲ್ಲಿಯಲ್ಲಿ ನೆಡಬೇಡ. ಎಲೆಗಳು ಹುಟ್ಟುವ ಆ ಅಡ್ಡ ದಂಟು ಹೂತುಹೋದರೆ ಗಿಡ ಕೊಳೆಯುತ್ತದೆ. ಕಲ್ಲಿಗೆ ಕಟ್ಟಿ ಬಿಟ್ಟರೆ ಅದೇ ಹಿಡಿದುಕೊಳ್ಳುತ್ತದೆ.

ಹುಡುಗ ಹೊಸ ತೊಟ್ಟಿ ಎಂದು ಬರುತ್ತಾನೆ, ನೀರು ಮೀನು ಬದುಕುವ ಹಾಗೆ ಹದವಾಗುವವರೆಗೆ ನೋಡಿಕೊಳ್ಳಬೇಕಾಗುತ್ತದೆ. ದೊಡ್ಡಮ್ಮ ಅಂದದ್ದು ಬಾಯಿತಪ್ಪಿ ಇರಬೇಕು. ಅವನನ್ನು ಗದರಬೇಡ, ಒಂದು ಲೋಟ ಟೀ ಕೊಡು.

ಮೂಗೊರೆಸಿಕೊಳ್ಳುತ್ತಾ,
ನಿನ್ನ ಮಗಳು


ಮಾರ್ಚ್ 16

ಅಮ್ಮನ ಕಿವಿಗೆ ಹೂವಿಡಲು ಹೊರಟಿರುವ ಮಗಳಿಗೆ,

ಮೊದಲನೆಯದು: ತೊಟ್ಟಿಯಲ್ಲಿ ಬಸವನಹುಳು ಬಂದಿದೆ. ಒಂದಲ್ಲ, ಎಣಿಸಲಾಗದಷ್ಟು. ನಾನು ತಂದದ್ದಲ್ಲ, ನೀನು ಬಿಟ್ಟು ಹೋದದ್ದಲ್ಲ. ಮುಚ್ಚಿದ ಅಂಗಡಿಯೊಳಗೆ ಅದಾಗಿ ನಡೆದು ಬಂತೇ? ಹುಡುಗನನ್ನು ಕೇಳಿದರೆ ‘ಗಿಡದ್ ಜೊತೆ ಮೊಟ್ಟೆ ಬಂದಿರುತ್ತೆ ಮೇಡಂ, ಕಣ್ಣಿಗೆ ಕಾಣಲ್ಲ’ ಎಂದ. ನೋಡು, ಗಿಡದ ಜೊತೆ ಕಣ್ಣಿಗೆ ಕಾಣದ್ದೂ ಬರುತ್ತದೆ ಎಂದು ಅವನೇ ಬಾಯಿಬಿಟ್ಟ ಹಾಗಾಯಿತು.

ಎರಡನೆಯದು: ದಪ್ಪೆಲೆ ಗಿಡ ಕಲ್ಲು ಬಿಟ್ಟು ತೇಲುತ್ತಿತ್ತು. ತೆಗೆದು ಜಲ್ಲಿಯೊಳಗೆ ಗಟ್ಟಿಯಾಗಿ ಒತ್ತಿಬಿಟ್ಟೆ. ಗಿಡ ಅಂದಮೇಲೆ ನೆಡಬೇಕು. ನೆಡಬೇಡ ಎಂದು ನೀನು ಅಷ್ಟು ಒತ್ತಿ ಬರೆದದ್ದರಲ್ಲೂ ನನಗೆ ಏನೋ ವಾಸನೆ ಹೊಡೆಯುತ್ತಿದೆ.

ಮೂರನೆಯದು ಮುಖ್ಯ. ಹುಡುಗ ಬಂದರೆ ತೊಟ್ಟಿ ನೋಡುವುದು ಚೂರು, ಅಂಗಡಿ ನೋಡುವುದು ಜಾಸ್ತಿ. ಗೋಡೆಯಲ್ಲಿ ತೂಗುಹಾಕಿರುವ ಪೇಪರ್ ಅಳತೆಗಳು, ಬಟನ್ ಡಬ್ಬಿಗಳು, ನನ್ನ ಹಳೇ ಕಾಲ್ಮಿಷನ್. ಒಂದು ದಿನ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದ. ‘ಏನು, ಕೊಂಡ್ಕೋತೀಯಾ?’ ಎಂದೆ. ಬೆಚ್ಚಿ ಕೈ ತೆಗೆದ. ಕಳ್ಳನಿರಬೇಕು ಎಂದುಕೊಂಡು ಬಟನ್ ಡಬ್ಬಿಗಳನ್ನೂ ಒಳಗಿಟ್ಟೆ. ಆದರೆ ಕಳ್ಳನಲ್ಲ. ಕಳೆದ ವಾರ ಕೈ ಒರೆಸಿಕೊಳ್ಳುತ್ತಾ ‘ಅಕ್ಕನ ನೆಗಡಿ ವಾಸಿ ಆಯ್ತಂತಾ ಮೇಡಂ?’ ಎಂದ.

ನಿನ್ನ ನೆಗಡಿ ನನಗೆ ಗೊತ್ತಾದದ್ದು ಪತ್ರದಿಂದ. ಅವನಿಗೆ ಹೇಗೆ ಗೊತ್ತಾಯಿತು? ನಾನು ಹೇಳಿಲ್ಲ, ಬೀಗದವನಿಗೂ ಹೇಳಿಲ್ಲ. ಅಂದರೆ ಲಾಂಚಿನಲ್ಲಿ ಎರಡು ಪತ್ರ ಬರುತ್ತಿವೆ, ಒಂದು ಅಮ್ಮನಿಗೆ, ಒಂದು ಅವನಿಗೆ.

ಈಗ ಎಲ್ಲ ಅರ್ಥವಾಯಿತು. ತೊಟ್ಟಿ ಒಂದು ನೆಪ. ಹುಡುಗನನ್ನು ವಾರ ವಾರ ನನ್ನ ಕಣ್ಣೆದುರು ಓಡಾಡಿಸಿ, ನನಗೆ ಅಭ್ಯಾಸವಾದ ಮೇಲೆ ‘ಅಮ್ಮ, ಇವನೇ’ ಎಂದು ತಂದು ನಿಲ್ಲಿಸುವ ಹುನ್ನಾರ. ನಿನಗಿಂತ ಚಿಕ್ಕವನು, ಅಂಗಿಯ ತೋಳು ಮೊಣಕೈಗೆ ಬಂದು ನಿಂತಿದೆ, ಆದರೂ ಆಗಲಿ, ನಿನ್ನ ಇಷ್ಟ. ನನಗೆ ಹೊಟ್ಟೆ ಉರಿಯುವುದು ಅದಕ್ಕಲ್ಲ. ನನ್ನ ಬೆನ್ನ ಹಿಂದೆ ಯಾಕೆ? ಈ ಜಗತ್ತಿನಲ್ಲಿ ನನಗಿರುವುದು ನೀನೊಬ್ಬಳು. ನೀನೂ ನನ್ನಿಂದ ಮುಚ್ಚಿಡಲು ಶುರುಮಾಡಿದರೆ ನಾನು ಯಾರ ಮಾತು ನಂಬಲಿ?

ಸಿಟ್ಟಿನಲ್ಲಿರುವ
ಅಮ್ಮ


ಏಪ್ರಿಲ್ 11

ಪತ್ತೇದಾರಿ ಅಮ್ಮನಿಗೆ,

ನಿನ್ನ ಪತ್ರ ಓದಿ ಎಷ್ಟು ನಕ್ಕೆನೆಂದರೆ ರೇಡಿಯೋದವರು ಬಂದು ಏನಾಯಿತು ಎಂದು ಕೇಳಿದರು. ಆಮೇಲೆ ಇನ್ನೊಂದು ಸಲ ಓದಿದೆ, ಆಗ ನಗು ಬರಲಿಲ್ಲ.

ಆ ಹುಡುಗನ ಮೇಲೆ ನನಗೆ ಅಂಥ ಆಸೆ ಇಲ್ಲ, ಅವನಿಗೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಇದು ಆಣೆ. ಪತ್ರ ಬರೆಯುತ್ತಿರುವುದು ನಿಜ. ಯಾಕೆ ಎಂಬುದನ್ನು ನಾನು ಅಲ್ಲಿಗೆ ಬಂದಾಗ ನಿನ್ನ ಎದುರು ಕೂತು ಹೇಳುತ್ತೇನೆ. ಹಾಳೆಯ ಮೇಲೆ ಹೇಳುವ ಮಾತಲ್ಲ. ಅಲ್ಲಿಯವರೆಗೆ ನನ್ನನ್ನು ನಂಬು. ಅದು ನಿನಗೆ ಕಷ್ಟದ ಕೆಲಸ ಅಂತ ಗೊತ್ತು.

ಆ ಗಿಡವನ್ನು ಈ ಪತ್ರ ಓದುತ್ತಿರುವಾಗಲೇ ಎದ್ದು ಹೋಗಿ ಜಲ್ಲಿಯಿಂದ ಕೀಳು, ದಮ್ಮಯ್ಯ.

ಪೆಟ್ಟಿಗೆಯಲ್ಲಿ ಏನೋ ಬಚ್ಚಿಟ್ಟುಕೊಂಡಿರುವ, ಆದರೆ ಕಳ್ಳಿಯಲ್ಲದ
ನಿನ್ನ ಮಗಳು


ಏಪ್ರಿಲ್ 13

ಮಗಳೇ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯುವುದಕ್ಕೆ ಆಗುತ್ತಿಲ್ಲ.

ನಾನು ನೆಟ್ಟ ಗಿಡ ಕೊಳೆಯಿತು. ಬಗ್ಗಿದರೆ ನಾತ. ಹುಡುಗ ನಿನ್ನೆ ಬಂದವನು ಮೂಸಿ ನೋಡಿ, ಜಲ್ಲಿಯೊಳಗೆ ಬೆರಳು ತೂರಿಸಿ ಎತ್ತಿದ. ದಂಟಿನ ಮುಕ್ಕಾಲು ಪಾಲು ಗಂಜಿಯಾಗಿತ್ತು. ಮೆತ್ತಗಾದದ್ದನ್ನೆಲ್ಲ ಕತ್ತರಿಸಿದ. ಎರಡು ಎಲೆ ಇರುವ ಒಂದು ಚೂರು ಉಳಿಯಿತು. ‘ಇದು ಬದುಕತ್ತೆ ಮೇಡಂ. ದಾರ ಇದ್ರೆ ಕೊಡಿ’ ಎಂದ.

ನನ್ನಲ್ಲಿರುವುದರಲ್ಲೇ ಗಟ್ಟಿಯಾದ ಪಾಲಿಯೆಸ್ಟರ್ ದಾರ ಕೊಟ್ಟೆ. ಅವನು ಎಳೆದು ನೋಡಿ ವಾಪಸ್ ಇಟ್ಟ. ‘ಇದು ಬೇಡ, ಹತ್ತಿದು ಕೊಡಿ. ಗಿಡ ಕಲ್ಲು ಹಿಡ್ಕೊಂಡ್ಮೇಲೆ ದಾರ ತಾನಾಗೇ ಕೊಳೆತು ಹೋಗ್ಬೇಕು. ಇದಾದ್ರೆ ಗಿಡಾನೇ ಕೊಯ್ದುಬಿಡತ್ತೆ.’ ಜೀವಮಾನವಿಡೀ ಹರಿಯದ ದಾರ ಹುಡುಕಿದವಳು ನಾನು. ಕೊಳೆಯಬೇಕಾದ ದಾರ ಕೇಳಿದವನು ಇವನೇ ಮೊದಲು. ಕಚ್ಚಾ ಹೊಲಿಗೆಗೆ ಇಟ್ಟಿದ್ದ ಹತ್ತಿ ದಾರ ಕೊಟ್ಟೆ.

ಅವನು ಕಲ್ಲಿಗೆ ಗಿಡ ಇಟ್ಟು ಸುತ್ತಿದ. ಕೊನೆಗೆ ಗಂಟು ಹಾಕಿದ. ಆ ಗಂಟನ್ನು ನೋಡಿ ನಾನು ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟೆ.

ಎಡಗೈಯ ಉಂಗುರಬೆರಳಿಗೆ ಎರಡು ಸುತ್ತು, ಹೆಬ್ಬೆರಳಿನಿಂದ ಹಿಂದಕ್ಕೆ ಉರುಳಿಸಿ, ಒಂದೇ ಎಳೆತ. ನಾನು ಹಾಕುವ ಗಂಟು. ನೀನು ಹಾಕುವ ಗಂಟು. ಈ ಕಸುಬಿನಲ್ಲಿ ಎಲ್ಲರೂ ತೋರುಬೆರಳಿಗೆ ಸುತ್ತುತ್ತಾರೆ, ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡು. ಮೊದಲು ನನಗೆ ತೋಚಿದ್ದು, ಇದನ್ನು ಇವನಿಗೆ ನೀನೇ ಕಲಿಸಿದ್ದೀಯ ಎಂದು. ಜೊತೆಯಲ್ಲಿ ಕೂತು ಬೆರಳು ಹಿಡಿದು ಕಲಿಸಿದ್ದೀಯ ಎಂದು. ಕೇಳಿಯೇಬಿಟ್ಟೆ.

‘ಈ ಗಂಟು ಯಾರೋ ಹೇಳ್ಕೊಟ್ಟಿದ್ದು?’

‘ಅಪ್ಪ.’

‘ನಿಮ್ಮಪ್ಪ ಏನ್ ಮಾಡ್ತಾರೆ?’

‘ಟೈಲರಾಗಿದ್ರು. ಹೋದ್ವರ್ಷ ತೀರ್ಕೊಂಡ್ರು.’

ಅಷ್ಟು ಹೇಳಿ ಅವನು ಕಲ್ಲನ್ನು ನೀರಿಗೆ ಇಳಿಸಲು ಬೆನ್ನು ತಿರುಗಿಸಿದ. ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ಕೆಳಗೆ. ಇಷ್ಟು ವಾರ ಅದನ್ನು ನಾನು ರೆಡಿಮೇಡ್ ಅಂಗಿಯ ತಪ್ಪು ಎಂದುಕೊಂಡಿದ್ದೆ.

ನಿನಗೆ ನಾನು ಹೇಳದೇ ಇದ್ದದ್ದು ಒಂದಿದೆ. ನಮ್ಮಿಬ್ಬರನ್ನೂ ಬಿಟ್ಟು, ಅಂಗಡಿಯ ದೊಡ್ಡ ಕತ್ತರಿ ತೆಗೆದುಕೊಂಡು ಹೋದ ಆ ಮನುಷ್ಯ, ನಿನ್ನ ತಂದೆ, ಅವನ ಬಲಭುಜವೂ ಹೀಗೇ ಇಳಿದಿತ್ತು. ಕೆಲಸ ಕಲಿಯುವಾಗ ಮಿಷನ್ನಿನ ಸೂಜಿ ಅವನ ಎಡಗೈ ತೋರುಬೆರಳಿನಲ್ಲಿ ಇಳಿದಿತ್ತು. ಆ ಬೆರಳು ಮಡಚುತ್ತಿರಲಿಲ್ಲ. ಅದಕ್ಕೇ ಅವನು ಉಂಗುರಬೆರಳಿಗೆ ಸುತ್ತುತ್ತಿದ್ದ. ಅವನನ್ನು ನೋಡಿ ಕಲಿತ ನಾನೂ ಹಾಗೇ ಸುತ್ತಿದೆ. ನನ್ನ ತೋರುಬೆರಳಿಗೆ ಏನೂ ಆಗಿಲ್ಲ, ಆದರೂ ಕೈ ಅಲ್ಲಿಗೇ ಹೋಗುತ್ತದೆ. ನನ್ನನ್ನು ನೋಡಿ ನೀನು ಕಲಿತೆ. ಅವನನ್ನು ನೋಡಿ ಕಲಿತವನು ಇನ್ನೊಬ್ಬ ಇದ್ದಾನೆ ಎಂದು ನನಗೆ ಗೊತ್ತಿರಲಿಲ್ಲ.

ಆ ಹುಡುಗನಿಗೆ ನೀನು ಏನಾದರೂ ಮಾತು ಕೊಟ್ಟಿದ್ದರೆ ವಾಪಸ್ ತೆಗೆದುಕೋ. ಈಗಲೇ, ಮುಂದಿನ ಲಾಂಚಿಗೇ ಬರೆ. ಅವನು ನಿನ್ನ ತಂದೆಯ ಮಗ.

ತೀರಿಕೊಂಡರು ಎಂದು ಅವನು ಅಂದದ್ದು ಅವನು ಹೋದ ಮೇಲೆ ನನ್ನ ಕಿವಿಗೆ ಬಿತ್ತು. ಅಂಗಡಿಯ ಬಾಗಿಲು ಎಳೆದುಕೊಂಡು ಕೂತೆ. ಅತ್ತೆನೋ ಇಲ್ಲವೋ, ಅದು ನಿನಗೆ ಬೇಡ.

ಅಮ್ಮ


ಮೇ 3

ಅಮ್ಮ,

ನಿನ್ನ ಪತ್ರ ಈಗ ಸಿಕ್ಕಿತು. ನೀನು ಅಷ್ಟು ದಿನ ಎಂಥ ಹೆದರಿಕೆ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆ ಎಂದು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ನನಗೆ ಗೊತ್ತು ಅಮ್ಮ. ಅವನು ನನ್ನ ತಮ್ಮ. ಮೊದಲಿನಿಂದ ಗೊತ್ತು.

ಹೋದ ವರ್ಷ ನೀನು ಲೈನಿಂಗ್ ಬಟ್ಟೆ ತರಲು ಹೋಗಿದ್ದಾಗ ಅಂಗಡಿಗೆ ಬಂದಿದ್ದ. ಕಳಚಿದ ಅಂಗಿ ಗುಂಡಿಯೊಂದನ್ನು ಮುಂದೆ ಹಿಡಿದು ‘ಇದು ಹಾಕ್ಕೊಡ್ತೀರಾ’ ಎಂದ. ಗುಂಡಿಯನ್ನು ಬೇಕೆಂದೇ ಕಿತ್ತುಕೊಂಡು ಬಂದಿದ್ದನಂತೆ, ಒಳಗೆ ಬರಲು ಒಂದು ಕಾರಣ ಬೇಕಲ್ಲ. ನಾನು ಹೊಲಿದು ಗಂಟು ಹಾಕಿದೆ. ಅವನು ನನ್ನ ಬೆರಳನ್ನೇ ನೋಡುತ್ತಾ ಸ್ಟೂಲಿನ ಮೇಲೆ ಕೂತ. ಆಮೇಲೆ ಎಲ್ಲ ಹೇಳಿದ. ಅವನ ಅಮ್ಮ ಅವನು ಸ್ಕೂಲಿನಲ್ಲಿದ್ದಾಗಲೇ ಹೋಗಿಬಿಟ್ಟರು. ಅಪ್ಪ ಕೊನೆಗಾಲದಲ್ಲಿ ನಮ್ಮ ಬೀದಿಯ ಹೆಸರು ಹೇಳಿ, ‘ಅಲ್ಲಿ ನಿನಗೊಬ್ಬಳು ಅಕ್ಕ ಇದಾಳೆ, ದೊಡ್ಡಮ್ಮ ಇದಾಳೆ’ ಎಂದಿದ್ದರಂತೆ.

ನಿನಗೆ ಹೇಗೆ ಹೇಳಲಿ? ಅಪ್ಪನ ಸುದ್ದಿ ಬಂದರೆ ನೀನು ಮಾತಾಡುವುದಿಲ್ಲ, ಮಿಷನ್ ಜೋರಾಗಿ ತುಳಿಯುತ್ತೀಯ. ಚಿಕ್ಕವಳಿದ್ದಾಗಿನಿಂದ ಆ ಸದ್ದು ಕೇಳಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದಕ್ಕೇ ಅಂದುಕೊಂಡೆ, ಯಾರ ಮಗ ಎಂದು ತಿಳಿಯುವ ಮುಂಚೆ ಅವನು ಎಂಥವನು ಎಂದು ನೀನು ನೋಡಲಿ. ನೆಪ ಬೇಗ ಮುಗಿಯಬಾರದು, ನಿನಗೆ ಕೆಲಸವೂ ಹೆಚ್ಚಬಾರದು ಎಂದು ಅವನ ಅಂಗಡಿಗೆ ಹೋಗಿ ‘ಎಲ್ಲಕ್ಕಿಂತ ನಿಧಾನವಾಗಿ ಬೆಳೆಯೋ ಗಿಡ ಯಾವ್ದು?’ ಎಂದು ಕೇಳಿದೆ. ‘ಇದಕ್ಕೆ ಯಾರೂ ಬರೋದೇ ಬೇಕಾಗಲ್ಲ ಅಕ್ಕ, ಅವರಿಗೆ ಅನುಮಾನ ಬರತ್ತೆ’ ಎಂದ. ಅವನು ಹೇಳಿದ್ದೇ ಸರಿಯಾಯಿತು.

ಮೇಡಂ ಅನ್ನು ಎಂದು ಹೇಳಿಕೊಟ್ಟಿದ್ದೆ. ದೊಡ್ಡಮ್ಮ ಎಂದು ಮನಸ್ಸಿನಲ್ಲೇ ಅಂದುಕೊಂಡು ಅಂದುಕೊಂಡು ಬಾಯಿಗೆ ಅದೇ ಬಂತಂತೆ.

ತಪ್ಪು ನನ್ನದು. ಅವನ ಮೇಲೆ ಹಾಕಬೇಡ.

ನಿನ್ನ ಮಗಳು


ಮೇ 22

ಹವಾಮಾನ ಕೇಂದ್ರದ ಅಧಿಕಾರಿಗಳಿಗೆ,

ತಮ್ಮ ಪತ್ರ ತಲುಪಿತು.

ತಿಂಗಳುಗಟ್ಟಲೆ ನನ್ನ ಅಂಗಡಿಯಲ್ಲಿ, ನನ್ನ ಟೇಬಲ್ಲಿನ ಪಕ್ಕ, ನನ್ನ ಕರೆಂಟಿನಲ್ಲಿ ದೀಪ ಹಾಕಿಕೊಂಡು ನಾಟಕ ನಡೆದಿದೆ. ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಬೀಗದವನಿಗೂ ಹೇಳಿದ್ದೆಯಾ? ಅವನು ನಗುತ್ತಿದ್ದದ್ದು ಅದಕ್ಕೇ ಇರಬೇಕು.

ನನಗೆ ಸುಳ್ಳು ಹೇಳಿದವರು ಇಬ್ಬರು. ಒಬ್ಬ ‘ನೂಲು ತರ್ತೀನಿ’ ಎಂದು ಕತ್ತರಿ ತೆಗೆದುಕೊಂಡು ಹೋದ. ಇನ್ನೊಬ್ಬಳು ಗಿಡ ಇಟ್ಟು ಹೋದಳು.

ಇನ್ನು ಆ ಹುಡುಗ. ಅವನಿಗೆ ಏನು ಬೇಕು? ಇಷ್ಟು ವರ್ಷ ಇಲ್ಲದ ದೊಡ್ಡಮ್ಮ ಈಗ ಯಾಕೆ ಬೇಕಾದಳು? ಗೋಡೆ ನೋಡುತ್ತಿದ್ದ, ಮಿಷನ್ ಮುಟ್ಟುತ್ತಿದ್ದ. ಅಪ್ಪನದು ಎಂದು ಅಂಗಡಿಯಲ್ಲಿ ಪಾಲು ಕೇಳಲು ಬಂದಿದ್ದಾನೋ ಏನೋ. ಇದು ಆ ಮನುಷ್ಯನದ್ದಲ್ಲ, ನಾನು ಕಾಲು ಸವೆಸಿ ತುಳಿದದ್ದು. ಹೋದ ಭಾನುವಾರ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರಬೇಡ ಎಂದೆ. ಹೋದ.

ತೊಟ್ಟಿಯನ್ನು ಹೊರಗೆ ಹಾಕುತ್ತೇನೆ. ನೀನೂ ಬರೆಯಬೇಡ.

ನಿನ್ನನ್ನು ಹೆತ್ತವಳು


ಜುಲೈ 1

ಅಕ್ಕನಿಗೆ,

ಇಷ್ಟು ದಿನ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಒಳ್ಳೆಯದೇನೂ ಇರಲಿಲ್ಲ.

ಭಾನುವಾರ ಬಂದರೆ ಕಾಲು ಅದಾಗಿ ಆ ಬೀದಿಗೆ ಹೋಗುತ್ತದೆ. ಬೀಗದ ಅಂಗಡಿಯ ಹತ್ತಿರ ನಿಂತು ನೋಡುತ್ತೇನೆ. ಅವರು ಮಿಷನ್ನನ್ನು ತಿರುಗಿಸಿ ಹಾಕಿಕೊಂಡಿದ್ದಾರೆ, ತೊಟ್ಟಿಗೆ ಬೆನ್ನು ಮಾಡಿ ಕೂರುತ್ತಾರೆ. ಆದರೆ ಒಂದು ವಿಷಯ. ತೊಟ್ಟಿಯನ್ನು ಹೊರಗೆ ಹಾಕಿಲ್ಲ. ದೀಪ ಹತ್ತುತ್ತಿದೆ. ಅದಕ್ಕಾದರೂ ಟೈಮರ್ ಇದೆ ಎನ್ನಬಹುದು. ಇಷ್ಟು ದಿನಕ್ಕೆ ನೀರು ನಾಲ್ಕು ಬೆರಳಾದರೂ ಇಳಿಯಬೇಕಿತ್ತು, ಇಳಿದಿಲ್ಲ. ಗಾಜಿನ ಮೇಲೆ ಹಸಿರು ಪಾಚಿ ಕೂತಿರಬೇಕಿತ್ತು, ಕೂತಿಲ್ಲ. ಯಾರೋ ಒರೆಸುತ್ತಿದ್ದಾರೆ. ಅಂಗಡಿಯಲ್ಲಿ ಅವರನ್ನು ಬಿಟ್ಟರೆ ಇನ್ಯಾರೂ ಇಲ್ಲ.

ಅವರ ಅನುಮಾನದ ಬಗ್ಗೆ ನೀನು ಬರೆದಿದ್ದೆಯಲ್ಲ, ಅಂಗಡಿಯಲ್ಲಿ ನನಗೆ ಪಾಲುಗೀಲು ಏನೂ ಬೇಡ ಎಂದು ಅವರಿಗೆ ತಿಳಿಸು. ಹೊಲಿಗೆ ನನಗೆ ಬರುವುದೂ ಇಲ್ಲ, ಗಂಟೊಂದು ಬಿಟ್ಟು. ನನಗೆ ಬೇಕಾಗಿದ್ದು ಬೇರೆ. ಅಪ್ಪ ನನಗೂ ಎಷ್ಟೋ ಸುಳ್ಳು ಹೇಳಿದ್ದರು ಅಕ್ಕ. ನೀವಿಬ್ಬರೂ ಇದ್ದೀರಿ ಎಂದು ಬಾಯಿಬಿಡಲು ಅವರು ಸಾಯುವವರೆಗೆ ಕಾದರು. ನನಗೆ ಅವರ ಮೇಲೆ ಸಿಟ್ಟಿದೆ. ಇಲ್ಲಿ ಯಾರ ಹತ್ತಿರ ಹೇಳಿಕೊಂಡರೂ ‘ಸತ್ತೋರ್ನ ಬೈಬಾರ್ದಪ್ಪ’ ಎನ್ನುತ್ತಾರೆ. ಅವರನ್ನು ನನ್ನ ಜೊತೆ ಕೂತು ಮನಸಾರೆ ಬೈಯುವವರು ಈ ಪ್ರಪಂಚದಲ್ಲಿ ದೊಡ್ಡಮ್ಮ ಒಬ್ಬರೇ ಅನ್ನಿಸಿತ್ತು.

ಹುಷಾರಾಗಿರು. ಗಾಳಿ ಜಾಸ್ತಿ ಇದ್ದಾಗ ಕಂಬ ಹತ್ತಬೇಡ.

ನಿನ್ನ ತಮ್ಮ


ಜುಲೈ 19

ಅಮ್ಮ,

ಬರೆಯಬೇಡ ಎಂದೆ. ಬರೆಯುತ್ತಿಲ್ಲ. ಅವನು ನನಗೆ ಬರೆದದ್ದನ್ನು ಮಡಚಿ ಇದರೊಳಗೆ ಇಟ್ಟಿದ್ದೇನೆ. ನಿನ್ನಿಂದ ಮುಚ್ಚಿಡುವುದು ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ.

ಮಗಳು


ಆಗಸ್ಟ್ 30

ಬರೆಯಬೇಡ ಎಂದರೂ ಬರೆಯದೆ ಬರೆಯುವ ಮಗಳಿಗೆ,

ಗಾಜು ಒರೆಸಿದ್ದು ನಾನೇ. ಅದಕ್ಕೆ ನೀವಿಬ್ಬರೂ ಏನೇನೋ ಅರ್ಥ ಹಚ್ಚಬೇಡಿ. ಗಿರಾಕಿಗಳು ಬರುವ ಜಾಗ, ಗಲೀಜಾಗಿ ಇಟ್ಟುಕೊಳ್ಳಲು ಆಗುತ್ತದೆಯೇ? ತೊಟ್ಟಿ ಹೊರಗೆ ಹಾಕುತ್ತೇನೆ ಎಂದಿದ್ದೆ, ನಿಜ. ಆದರೆ ಜೀವ ಇರುವ ಗಿಡವನ್ನು ಬೀದಿಗೆ ಹಾಕಲು ಕೈ ಬರಲಿಲ್ಲ. ಸಾಯಲಿ, ಆಮೇಲೆ ಎಸೆದರಾಯಿತು ಎಂದುಕೊಂಡೆ. ನೀನು ತಂದದ್ದು ಎಂಥ ಗಿಡ ಮಾರಾಯಿತಿ, ಸಾಯುವುದರಲ್ಲೂ ಅದಕ್ಕೆ ಆತುರವಿಲ್ಲ. ನೀರು ಇಳಿದರೆ ತುಂಬಿಸಿದೆ, ಇನ್ನೇನು ಮಾಡಲಿ. ಒಂದು ದಿನ ನೋಡಿದರೆ ಅವನು ಕಟ್ಟಿದ ಆ ಎರಡೆಲೆಯ ಚೂರು ಮೂರನೇ ಎಲೆ ಬಿಟ್ಟಿದೆ, ಸುರುಳಿ ಸುತ್ತಿದ ಎಳೇ ಹಸಿರು. ಹತ್ತಿ ದಾರ ಕೊಳೆತು ನೀರಿನಲ್ಲಿ ತೇಲುತ್ತಿತ್ತು. ಕಲ್ಲನ್ನು ಎತ್ತಿ ಅಲ್ಲಾಡಿಸಿ ನೋಡಿದೆ. ಗಿಡ ಬಿಡಲಿಲ್ಲ.

ಅವನ ಪತ್ರ ಓದಿದೆ. ಒಂದು ಸಲ ಅಲ್ಲ. ಇದರಲ್ಲೂ ಏನಾದರೂ ಮೋಸ ಇರಬಹುದೇ ಎಂದು ತಿರುಗಿಸಿ ಮುರುಗಿಸಿ ನೋಡಿದೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಬೈಯಲು ಜೊತೆ ಬೇಕು ಎಂದು ಯಾವ ಮೋಸಗಾರನೂ ಬರೆಯುವುದಿಲ್ಲ.

ಭಾನುವಾರ ಬೀಗದ ಅಂಗಡಿಯ ಹತ್ತಿರ ನಿಂತಿದ್ದ, ಅದೇ ಜೋತುಬಿದ್ದ ಅಂಗಿ. ನಾನು ಟೈಲರು, ನನ್ನ ಅಂಗಡಿಯ ಎದುರಿಗೇ ಅಂಥ ಅಂಗಿ ಹಾಕಿಕೊಂಡು ನಿಂತರೆ ನನ್ನ ಮರ್ಯಾದೆ ಏನಾಗಬೇಕು? ಆದರೂ ಅಂದು ಕರೆಯಲಿಲ್ಲ. ಆ ವಾರ ಒಂದು ನೀಲಿ ಬಟ್ಟೆ ತೆಗೆದು ಕತ್ತರಿ ಹಾಕಿದೆ. ಅವನ ಅಳತೆ ನನ್ನ ಹತ್ತಿರ ಇರಲಿಲ್ಲ, ತೆಗೆದುಕೊಂಡೂ ಇರಲಿಲ್ಲ. ಆದರೆ ಒಂದು ಅಳತೆಯನ್ನು ಈ ಕೈ ಇಪ್ಪತ್ತು ವರ್ಷ ಮರೆಯಲು ಒಪ್ಪಿರಲಿಲ್ಲ. ಬಲಭುಜ ಅರ್ಧ ಇಂಚು ಇಳಿಸಿ ಅದನ್ನೇ ಕತ್ತರಿಸಿದೆ. ಹೊಲಿಯುತ್ತಾ ಆ ಮನುಷ್ಯನನ್ನು ಎಷ್ಟು ಬೈದೆನೆಂದರೆ, ಬೈಗುಳ ಮುಗಿದದ್ದೂ ಕಾಲರು ಮುಗಿದದ್ದೂ ಒಟ್ಟಿಗೆ.

ಮುಂದಿನ ಭಾನುವಾರ ಬಾಗಿಲಿಗೆ ಬಂದು ಕೈ ಬೀಸಿದೆ. ಹುಡುಗ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಂಡ. ‘ನಿನ್ನೇ, ಬಾ’ ಎಂದೆ. ಬಂದ. ತೊಟ್ಟಿ ತೋರಿಸಿದೆ. ಹೊಸ ಎಲೆ ನೋಡಿ ಮುಖವೆಲ್ಲ ಹಲ್ಲಾಯಿತು. ‘ಇನ್ನು ಮೀನು ಬಿಡ್ಬೋದು ಮೇಡಂ, ನೀರು ಹದವಾಗಿದೆ’ ಎಂದ. ‘ಹದ ಆಗೋಕೆ ಇಷ್ಟು ದಿನ ಬೇಕಿತ್ತಾ?’ ಎಂದೆ. ‘ಬೇಗಾನೇ ಆಗಿತ್ತು’ ಎಂದವನು ಮತ್ತೆ ತೊಟ್ಟಿಗೆ ಬಗ್ಗಿದ. ಮೀನು ಬಿಟ್ಟರೆ ಕೆಲಸ ಮುಗಿಯಿತಲ್ಲ, ಬರಲು ನೆಪ ಇರುವುದಿಲ್ಲ ಎಂದು ಬೇಕೆಂದೇ ಎಳೆದಿದ್ದಾನೆ. ನೋಡು, ನನ್ನ ಅನುಮಾನ ಅಷ್ಟೂ ಸುಳ್ಳಾಗಿರಲಿಲ್ಲ.

ಆ ದೊಡ್ಡ ಕತ್ತರಿ ಏನಾಯಿತು ಎಂದು ಕೇಳಿದೆ. ಯಾವತ್ತೋ ಮುರಿದು ಗುಜರಿಗೆ ಹಾಕಿದರಂತೆ. ಎಂಥ ಕತ್ತರಿ ಅದು. ಅದಕ್ಕೂ ಸೇರಿಸಿ ಬೈದೆ. ಹುಡುಗ ತಲೆಯಾಡಿಸಿ, ತಾನೂ ಎರಡು ಮಾತು ಸೇರಿಸಿದ. ನನಗಿಂತ ಚೆನ್ನಾಗಿ ಬೈಯುತ್ತಾನೆ. ಟೀ ಕೊಟ್ಟೆ.

ಆಮೇಲೆ ಅಂಗಿ ಎತ್ತಿ ಅವನ ಮೇಲೆ ಎಸೆದೆ. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದ. ಭುಜ ಕೂತಿತ್ತು, ಬೆನ್ನು ಕೂತಿತ್ತು, ಕಾಲರು ಕುತ್ತಿಗೆಗೆ ಹೇಳಿ ಮಾಡಿಸಿದ ಹಾಗಿತ್ತು. ಆ ಮನುಷ್ಯನೇ ಎದುರು ನಿಂತ ಹಾಗಿತ್ತು, ನಾನು ಟೇಪು ಹಿಡಿದು ತೋಳಿಗೆ ಹೋದೆ. ತೋಳು ಮಾತ್ರ ಒಂದಿಂಚು ಗಿಡ್ಡ. ಆ ಉದ್ದ ಕೈ ಅವನ ಅಮ್ಮನ ಕಡೆಯದಿರಬೇಕು. ಪಾಪ, ಅವಳಿಗೆ ಆ ಮನುಷ್ಯ ಯಾವ ಸುಳ್ಳು ಹೇಳಿದ್ದನೋ. ಅಂಚು ಬಿಚ್ಚಿ, ಮಡಿಕೆ ಇಳಿಸಿ, ಅಲ್ಲೇ ಸರಿಮಾಡಿ ಕೊಟ್ಟೆ.

ಅವನು ಕನ್ನಡಿಯಲ್ಲಿ ನೋಡಿಕೊಂಡ. ಅಳತೆ ಯಾವಾಗ ತೆಗೆದುಕೊಂಡಿರಿ ಎಂದು ಕೇಳಲಿಲ್ಲ. ತಿಳಿಯದೇ ಇರುತ್ತದೆಯೇ. ಆಮೇಲೆ ಜೇಬಿಗೆ ಕೈ ಹಾಕಿ, ‘ಎಷ್ಟಾಯ್ತು ಮೇಡಂ?’ ಎಂದ.

‘ಮೇಡಂಗಾದ್ರೆ ಹೊಲಿಗೆ ಕೂಲಿ, ಬಟ್ಟೆ ದುಡ್ಡು, ಗುಂಡಿ ದುಡ್ಡು, ಎಲ್ಲಾ ಆಗತ್ತೆ. ದೊಡ್ಡಮ್ಮಂಗಾದ್ರೆ ಏನೂ ಇಲ್ಲ. ಯೋಚ್ನೆ ಮಾಡಿ ಹೇಳು’ ಎಂದು ಹೇಳಿ ನಾನು ಮಿಷನ್ನಿಗೆ ಕೂತು, ಸುಮ್ಮಸುಮ್ಮನೆ ಒಂದು ಚೂರು ಬಟ್ಟೆ ಹಾಕಿ ಜೋರಾಗಿ ತುಳಿದೆ. ಆ ಸದ್ದಿನಲ್ಲಿ ಅವನು ಏನೋ ಅಂದ. ನನಗೆ ಕೇಳಿಸಲಿಲ್ಲ ಎಂದೇ ಇಟ್ಟುಕೋ.

ಕೂಲಿ ಕೊಡದೆ ಹೋದ.

ನಿನಗೆ ಅಮ್ಮ, ಅವನಿಗೆ ನೀನೇ ಹೇಳು